ಹಡಗು ಹೋಟೆಲಿನ ಆರನೇ ದಿನ

ಸಕ್ಕರೆ ಡಬ್ಬಿಯನ್ನು ಯಾರೋ ಟ್ರೇಗೆ ಕಟ್ಟಿಹಾಕಿದ್ದರು.

ನಗುಮುಖದ ಮ್ಯಾನೇಜರು ಮಾತಾಡುತ್ತಲೇ ಇದ್ದ. ನಾನು ಕೇಳಿಸಿಕೊಳ್ಳುವವಳ ಹಾಗೆ ತಲೆಯಾಡಿಸುತ್ತಿದ್ದೆ, ಕಣ್ಣು ಮಾತ್ರ ಟ್ರೇ ಬಿಟ್ಟು ಕದಲಲಿಲ್ಲ. ಸ್ಟೀಲಿನ ಡಬ್ಬಿ. ಅದರ ಕುತ್ತಿಗೆಗೊಂದು ಬಿಳಿ ದಾರ. ದಾರದ ಇನ್ನೊಂದು ತುದಿ ಟ್ರೇಯ ಹಿಡಿಕೆಗೆ. ಎರಡು ಕುಣಿಕೆ ಹಾಕಿ, ತುದಿಯನ್ನು ಒಳಕ್ಕೆ ತೂರಿಸಿ ಬಿಗಿದ ಗಂಟು.

ಐದನೇ ಮಹಡಿಯ ಕಚೇರಿ ಅದು. ನೆಲವೆಲ್ಲ ನುಣ್ಣನೆಯ ಬಿಳಿ ಕಲ್ಲು, ಗೋಲಿ ಇಟ್ಟರೂ ಉರುಳದಷ್ಟು ಸಮ. ಇಂಥ ನೆಲದ ಮೇಲೆ ಸಕ್ಕರೆ ಡಬ್ಬಿ ಎಲ್ಲಿಗೆ ಓಡಿಹೋದೀತು ಅಂತ ಕಟ್ಟಿದ್ದಾರೆ?

ಚಹಾ ತಂದವನಿಗೆ ಐವತ್ತು ದಾಟಿರಬೇಕು. ಕಾಲು ಅಗಲಿಸಿ, ಮಂಡಿ ಸ್ವಲ್ಪ ಸಡಿಲ ಬಿಟ್ಟು ನಿಂತು ಚಹಾ ಬಗ್ಗಿಸಿದ. ಕಪ್ಪು ಮುಕ್ಕಾಲು ತುಂಬಿದ್ದೇ ನಿಲ್ಲಿಸಿದ. ಇನ್ನೊಂದು ಕಪ್ಪೂ ಮುಕ್ಕಾಲೇ.

“ಪೂರ್ತಿ ತುಂಬಿಸಪ್ಪಾ,” ಅಂದ ಮ್ಯಾನೇಜರು. “ಇವನದ್ದು ಯಾವಾಗ್ಲೂ ಇದೇ ಗೋಳು ಮೇಡಂ. ಬಂದು ನಾಲ್ಕು ತಿಂಗಳಾಯ್ತು, ಒಂದು ದಿನಾನೂ ಕಪ್ಪು ತುಂಬಾ ಕೊಟ್ಟಿಲ್ಲ.”

ಚಹಾದವನು ಟ್ರೇ ಎತ್ತಿಕೊಂಡು ಹೊರಟುಹೋದ. ನಡಿಗೆಯಲ್ಲೂ ಒಂದು ಓಲಾಟವಿತ್ತು. ಆರು ದಿನದಿಂದ ನಾನು ಹುಡುಕುತ್ತಿದ್ದ ಮನುಷ್ಯ ಸಿಕ್ಕಿದ್ದ. ಸಿಕ್ಕಿದ್ದಕ್ಕೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಮಂಡಿ ನೋಯುತ್ತಿತ್ತು, ಮನೆಗೆ ಹೋಗಿ ಮಲಗೋಣ ಅನ್ನಿಸಿತು.

ಹಡಗಿನ ಹಾಗೆ ಓಲಾಡುವ ಹಡಗು ಹೋಟೆಲಿನ ನೆಲ ಕುಸಿದು, ನಗರಸಭೆಯ ಆಫೀಸರು ಬಾಗಿಲಿಗೆ ಬೀಗ ಹಾಕಿಸಿ ಇಂದಿಗೆ ಆರನೇ ದಿನ. ಏಳು ದಿನ ಒಂದೇ ಸಮನೆ ಮುಚ್ಚಿದ್ದರೆ ಜಾಗದ ಬಾಡಿಗೆ ಕರಾರು ತಾನಾಗಿ ರದ್ದು. ಆ ಜಾಗವನ್ನು ಹಳೇ ಮಾಲೀಕನಿಂದ ಕೊಂಡುಕೊಂಡಿರುವುದು ಈ ನಗುಮುಖದವನ ಕಂಪನಿ. ನೆಲ ತೂಗುವ ಯಂತ್ರ ತಾನಾಗಿ ಕೆಟ್ಟಿದ್ದಾದರೆ ತಿಂಗಳುಗಟ್ಟಲೆ ಪರೀಕ್ಷೆಯಾಗಬೇಕು. ಹೊರಗಿನವರ ಕೈವಾಡ ಅಂತ ಹೆಸರು ಸಮೇತ ದೂರು ಕೊಟ್ಟರೆ, ಕಾಣೆಯಾದ ಪಿನ್ನಿನ ಜಾಗಕ್ಕೆ ಹೊಸದು ಹಾಕಿ ನಾಳೆಯೇ ಬಾಗಿಲು ತೆರೆಯಬಹುದು ಅಂತ ಆಫೀಸರು ಹೇಳಿದ್ದರು. ಆ ಹೆಸರು ಇಂದು ಸಂಜೆ ಐದರೊಳಗೆ ಬೇಕಿತ್ತು.

“ನೋಡಿ ಮೇಡಂ,” ಮ್ಯಾನೇಜರು ಮೇಜಿನ ಮೇಲಿದ್ದ ಗಾಜಿನ ಪೆಟ್ಟಿಗೆಯ ಮೇಲೆ ಕೈಯಾಡಿಸಿದ. ಒಳಗೆ ಹೊಸ ಕಟ್ಟಡದ ಪುಟ್ಟ ಮಾದರಿ. “ಮೂರನೇ ಮಹಡಿ ಪೂರ್ತಿ ಊಟದ ಅಂಗಳ. ನಲವತ್ತು ಕೌಂಟರು. ಯಾರಿಗೆ ಏನು ಬೇಕೋ ಎಲ್ಲಾ ಒಂದೇ ಕಡೆ.”

“ಎಲ್ಲಾ ಒಂದೇ ಥರ ಕಾಣಿಸ್ತಿದೆಯಲ್ಲ.”

“ಅದೇ ಅದರ ಚೆಂದ. ಜನಕ್ಕೆ ಗೊಂದಲ ಇರಲ್ಲ.” ನಕ್ಕ. ಅವನು ನಗದೆ ಇದ್ದದ್ದನ್ನು ನಾನು ನೋಡಿಯೇ ಇಲ್ಲ. “ನಿಮ್ಮ ಹಡಗನ್ನೂ ಮರೆತಿಲ್ಲ ನಾವು. ಲಿಫ್ಟ್ ಪಕ್ಕದ ಗೋಡೆ ಮೇಲೆ ದೊಡ್ಡದಾಗಿ ಒಂದು ಹಡಗಿನ ಚಿತ್ರ ಬರೆಸ್ತೀವಿ. ನೆನಪಿಗೆ.”

ನನಗೆ ಮೈಯೆಲ್ಲ ಉರಿಯಿತು. ಐವತ್ತೆಂಟು ವಯಸ್ಸಿಗೆ ಇಂಥ ಉರಿ ಒಳ್ಳೆಯದಲ್ಲ ಅಂತ ನನ್ನ ಮಗಳು ಹೇಳುತ್ತಾಳೆ. ‘ನಿನಗ್ಯಾಕಮ್ಮ ಊರ ಉಸಾಬರಿ’ ಅಂತಲೂ ಹೇಳುತ್ತಾಳೆ. ಇಪ್ಪತ್ತೆರಡು ವರ್ಷ ವಿಮಾ ಕಂಪನಿಗೆ ಬೆಂಕಿ, ಅಪಘಾತ ತನಿಖೆ ಮಾಡಿ ನಿವೃತ್ತಿಯಾದವಳು ನಾನು. ಈಗ ಜೆರಾಕ್ಸ್ ಅಂಗಡಿಯ ಮೇಲೊಂದು ಕೋಣೆ ಹಿಡಿದು, ಮದುವೆಗೆ ಮುಂಚೆ ಹುಡುಗನ ಪೂರ್ವಾಪರ ವಿಚಾರಿಸಿಕೊಡುವ ಕೆಲಸ. ಹೋಟೆಲಿನ ಮಾಲೀಕರು ಕೇಳಿದರು ಅಂತ ಈ ಹಡಗಿನ ಕೇಸು ಒಪ್ಪಿಕೊಂಡು, ವಿಚಾರಿಸುತ್ತ ಈ ಕಚೇರಿಯವರೆಗೂ ಬಂದದ್ದು ನನ್ನದೇ ತಪ್ಪು.

“ಕೈ ತೊಳ್ಕೋಬೇಕಿತ್ತು,” ಅಂತ ಎದ್ದೆ.

ಹಜಾರದ ಕೊನೆಗೆ ಹೋಗುವಷ್ಟರಲ್ಲಿ ಎಲ್ಲವನ್ನೂ ಇನ್ನೊಂದು ಸಲ ಲೆಕ್ಕ ಹಾಕಿಕೊಂಡೆ. ಹಡಗಿನ ನೆಲದಡಿಯ ಕೋಣೆಗೆ ಮೊದಲ ದಿನ, ಬೀಗ ಬೀಳುವ ಮುಂಚೆಯೇ ಇಳಿದಿದ್ದೆ. ನೆಲವನ್ನು ನಿಧಾನಕ್ಕೆ ತೂಗುವ ಯಂತ್ರ ಅಲ್ಲಿದೆ, ಹೋಟೆಲಿನವರು ಅದಕ್ಕೆ ತೊಟ್ಟಿಲು ಅನ್ನುತ್ತಾರೆ. ಪಿನ್ನು ಇರಬೇಕಾದ ತೂತು ಖಾಲಿಯಿತ್ತು. ಪಿನ್ನನ್ನು ಹೊಡೆದು ತೆಗೆದ ಸುತ್ತಿಗೆ ಮಾತ್ರ ಗೋಡೆಯ ಮೊಳೆಗೆ ವಾಪಸು ಹೋಗಿತ್ತು. ಅಷ್ಟೇ ಅಲ್ಲ, ಅದರ ಹಿಡಿಗೆ ದಾರ ಕಟ್ಟಿತ್ತು, ಸಕ್ಕರೆ ಡಬ್ಬಿಗೆ ಹಾಕಿದ್ದ ಅದೇ ಗಂಟು. ಕೆಡಿಸಲು ಬಂದವನು ಸುತ್ತಿಗೆ ಬಿಸಾಡಿ ಕಾಲಿಗೆ ಬುದ್ಧಿ ಹೇಳುತ್ತಾನೆ. ಇವನು ಜೋಪಾನವಾಗಿ ಕಟ್ಟಿಟ್ಟು ಹೋಗಿದ್ದ. ಓಲಾಡುವ ನೆಲದ ಮೇಲೆ ವರ್ಷಗಟ್ಟಲೆ ದುಡಿದವನಿಗೆ ಕಟ್ಟದೆ ಬಿಟ್ಟ ಸಾಮಾನು ಕಂಡರೆ ಆಗುವುದಿಲ್ಲ.

ಈಗ ಅಲ್ಲಿ ಕೆಲಸಕ್ಕಿರುವ ಐದು ಜನರಿಗೆ ಆ ರೋಗವಿಲ್ಲ. ಎರಡು ವರ್ಷದಿಂದ ಮೇಜುಗಳಿಗೆ ರಬ್ಬರ್ ಹಾಸು ಬಂದಿದೆ, ಏನನ್ನೂ ಕಟ್ಟಬೇಕಿಲ್ಲ. ನಾನೇ ದಾರ ಕೊಟ್ಟು ಕಟ್ಟಿಸಿ ನೋಡಿದ್ದೆ. ಅಡುಗೆಯವನು ಪಾರ್ಸಲ್ಲಿಗೆ ಹಾಕುವ ಗಂಟು ಹಾಕಿದ. ಮೆಕ್ಯಾನಿಕ್ ದಾರ ಬೇಡ, ತಂತಿ ಕೊಡಿ ಅಂದ. ಹಳಬರಲ್ಲಿ ಇಬ್ಬರು ತೀರಿಕೊಂಡಿದ್ದಾರೆ, ಒಬ್ಬ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾನೆ. ಉಳಿದವನು ಲಂಗರಣ್ಣ ಒಬ್ಬನೇ. ಮೂರು ವರ್ಷದ ಹಿಂದೆ ಜಗಳವಾಗಿ ಹೊರಬಿದ್ದವನು ಎಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅವನ ಮಾತೆತ್ತಿದರೆ ಹೋಟೆಲಿನ ಮಾಲೀಕರು, ಅದನ್ನು ಕಟ್ಟಿದ ಕ್ಯಾಪ್ಟನ್ ಅವರ ಹೆಂಡತಿ, ಎಲ್ಲರೂ ಕ್ಯಾಪ್ಟನಮ್ಮ ಅಂತ ಕರೆಯುವವರು, ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ಚಹಾ ಮಾಡುವ ಕೋಣೆ ಎರಡು ಆಳು ನಿಂತರೆ ತುಂಬುವಷ್ಟಿತ್ತು. ಗ್ಯಾಸ್ ಒಲೆ, ಸಿಂಕು, ಒಂದು ಕಪಾಟು. ಕಪಾಟಿನ ಪ್ರತಿ ಡಬ್ಬಿಗೂ ಒಂದೊಂದು ದಾರ, ಪ್ರತಿ ದಾರಕ್ಕೂ ಒಂದೊಂದು ಮೊಳೆ. ಅವನು ನನ್ನ ಕಡೆ ಬೆನ್ನು ಹಾಕಿ ಕಪ್ಪು ಒರೆಸುತ್ತಿದ್ದ.

“ಲಂಗರಣ್ಣ,” ಅಂದೆ.

ಕೈ ನಿಂತಿತು. ಕಪ್ಪು ಬೀಳಲಿಲ್ಲ.

“ಹತ್ತೊಂಬತ್ತು ವರ್ಷದಲ್ಲಿ ಒಂದು ತಟ್ಟೆನೂ ಬೀಳಿಸಿಲ್ಲ ಅಂತ ಕ್ಯಾಪ್ಟನ್ ಇಟ್ಟ ಹೆಸರಂತೆ. ಅಡುಗೆಯವನು ಹೇಳಿದ.”

“ನೀವು ಯಾರನ್ನೋ ಅಂದ್ಕೊಂಡು ಬಂದಿದ್ದೀರಿ ಅಕ್ಕ.”

“ಈ ಡಬ್ಬಿಗಳನ್ನೆಲ್ಲ ಯಾಕಪ್ಪ ಕಟ್ಟಿಟ್ಟಿದ್ದೀಯ?”

“ಅಭ್ಯಾಸ.”

“ಎಲ್ಲಿಂದ ಬಂದ ಅಭ್ಯಾಸ?”

ಅವನು ಕಪ್ಪನ್ನು ಕಪಾಟಿನಲ್ಲಿಟ್ಟ. ಅದು ಸರಿಯಾಗಿ ಕೂತಿದೆಯೋ ಇಲ್ಲವೋ ಅಂತ ಬೆರಳಿಂದ ಮುಟ್ಟಿ ನೋಡಿದ. ತಿರುಗಿದಾಗ ಮುಖ ಸೋತಿತ್ತು. ನಾನು ಬರುತ್ತೇನೆ ಅಂತ ಆರು ದಿನದಿಂದ ಕಾದು ಸುಸ್ತಾದವನ ಹಾಗೆ ಕಂಡ.

“ಟೀಚರಮ್ಮನ ಕೈ ಹೇಗಿದೆ?” ಅಂತ ಕೇಳಿದ.

ಅಲ್ಲಿಗೆ ಮುಗಿಯಿತು. ನೆಲ ಕುಸಿದ ಮಧ್ಯಾಹ್ನ ಬಿದ್ದು ಮಣಿಕಟ್ಟು ಮುರಿದುಕೊಂಡವರು ಒಬ್ಬ ನಿವೃತ್ತ ಟೀಚರು.

“ಪ್ಲಾಸ್ಟರ್ ಹಾಕಿದ್ದಾರೆ. ಎಡಗೈಯಲ್ಲಿ ಊಟ ಮಾಡೋದು ಕಲೀತಾ ಇದ್ದಾರೆ.”

“ಕಿಟಕಿ ಪಕ್ಕದ ಮೇಜು ಅವರದ್ದು. ಸೂಪಿಗೆ ಮೆಣಸು ಜಾಸ್ತಿ ಕೇಳೋರು.” ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. “ಯಾರೂ ಬೀಳಲಿ ಅಂತ ತೆಗೀಲಿಲ್ಲ ಅಕ್ಕ. ನೆಲ ನಿಲ್ಲಲಿ ಅಂತ ತೆಗೆದೆ.”

“ನಿಲ್ಲಲಿ ಅಂದ್ರೆ?”

“ಆ ಪಿನ್ನು ತೆಗೆದರೆ ಮೋಟರು ಸುಮ್ನೆ ತಿರುಗುತ್ತೆ, ತೊಟ್ಟಿಲು ಅಲ್ಲಾಡಲ್ಲ. ನಮ್ಮ ಕಾಲದಲ್ಲಿ ರಿಪೇರಿಗೆ ಅಂತ ನಾನೇ ಎಷ್ಟೋ ಸಲ ತೆಗೆದಿದ್ದೀನಿ. ಈ ಸಲ ಗಟ್ಟಿ ಇತ್ತು. ತುಕ್ಕು ಹಿಡಿದಿದೆ ಅಂದ್ಕೊಂಡೆ.”

“ಎರಡು ವರ್ಷದ ಹಿಂದೆ ಹಳೇ ಯಂತ್ರ ಸುಟ್ಟುಹೋಯ್ತು. ಈಗ ಇರೋದು ಬೇರೆ. ನೀನು ತೆಗೆದ ಪಿನ್ನು ನೆಲದ ಒಂದು ಮೂಲೆಯನ್ನೇ ಹೊತ್ಕೊಂಡಿತ್ತು.”

ಅವನಿಗೆ ಅದು ಗೊತ್ತಿರಲಿಲ್ಲ. ನೆಲ ಕುಸಿದ ಸುದ್ದಿ ಕೇಳಿದ ಮೇಲೆ, ತಾನೇ ಏನೋ ಎಡವಟ್ಟು ಮಾಡಿದೆ ಅಂತ ಆರು ದಿನ ತಲೆ ಕೆಡಿಸಿಕೊಂಡಿದ್ದನಂತೆ. ನಿಜ ಹೇಳಬೇಕೆಂದರೆ ನನಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಕನಿಕರ.

“ನೆಲ ನಿಂತರೆ ನಿನಗೇನು ಬರ್ತಿತ್ತು?”

“ನನಗಲ್ಲ, ಅತ್ತಿಗೆಗೆ.” ಕ್ಯಾಪ್ಟನನ್ನು ಅಣ್ಣ ಅನ್ನುತ್ತಿದ್ದವನಿಗೆ ಕ್ಯಾಪ್ಟನಮ್ಮ ಅತ್ತಿಗೆ. “ಅವರಿಗೆ ಅರವತ್ತೇಳು. ಅಣ್ಣ ಹೋದ ಮೇಲೆ ದಿನಾ ಹನ್ನೆರಡು ಗಂಟೆ ಆ ಓಲಾಡೋ ನೆಲದ ಮೇಲೆ ನಿಲ್ತಾರೆ. ನೆಲ ನಿಲ್ಲಿಸೋಣ ಅತ್ತಿಗೆ, ಹಡಗು ಹಾಗೇ ಇರ್ಲಿ, ಓಲಾಟ ಬೇಡ ಅಂದೆ. ಅಷ್ಟಕ್ಕೇ ತಲೆ ಮೇಲಿನ ಟೋಪಿ ಕಿತ್ಕೊಂಡು ಹೊರಗೆ ಹಾಕಿದರು. ಓಲಾಡದ ಹಡಗು ಬೇಕಿದ್ರೆ ಬೇರೆ ಹೋಟ್ಲಿಗೆ ಹೋಗು ಅಂದ್ರು.”

“ಅದು ಮೂರು ವರ್ಷದ ಹಿಂದಿನ ಮಾತು. ಈಗ ಯಾಕೆ?”

“ಈಗ ಬೀಳ್ತಾ ಇದ್ದಾರಲ್ಲ ಅಕ್ಕ.”

“ಯಾರು?”

“ಅತ್ತಿಗೆ. ನನ್ನನ್ನ ಹುಡುಕಿ ಕೆಲಸ ಕೊಟ್ಟ ಮ್ಯಾನೇಜರ್ ಸಾಹೇಬ್ರು ಹೇಳ್ತಾ ಇರ್ತಾರೆ. ‘ನಿನ್ನೆ ನಿಮ್ಮಮ್ಮಾವ್ರು ಮೆಟ್ಟಿಲಲ್ಲಿ ಜಾರಿದರಂತೆ ಪಾಪ’ ಅಂತ ಒಂದು ದಿನ. ‘ಸೊಂಟ ಹಿಡ್ಕೊಂಡು ಗೋಡೆಗೆ ಒರಗಿದ್ದರಂತೆ’ ಅಂತ ಇನ್ನೊಂದು ದಿನ. ಡಾಕ್ಟ್ರು ಇನ್ನೊಂದು ಸಲ ಬಿದ್ರೆ ಕಷ್ಟ ಅಂದಿದ್ದಾರಂತೆ.”

“ಪಿನ್ನು ತೆಗಿ ಅಂತ ಅವನು ಹೇಳಿದನಾ?”

“ಯಾವತ್ತೂ ಇಲ್ಲ. ಸುಳ್ಳು ಹೇಳಬಾರದು. ಒಂದೇ ಒಂದು ಸಲ ಅಂದ್ರು, ‘ಆ ನೆಲ ಒಂದು ವಾರ ನಿಂತರೆ ಆ ಜೀವಕ್ಕೆ ಎಷ್ಟು ಹಿತ’ ಅಂತ. ನಾನು ಸಿಂಕಿನ ಹತ್ರ ಇದ್ದೆ. ಬಾಗಿಲಲ್ಲಿ ನಿಂತು, ಯಾರಿಗೋ ಹೇಳಿದ ಹಾಗೆ ಹೇಳಿ ಹೋದರು. ನನ್ನ ಹತ್ರ ಹಳೇ ಬೀಗದಕೈ ಇತ್ತು. ಮಾರನೇ ಬೆಳಿಗ್ಗೆ, ಅಡುಗೆಯವನು ತರಕಾರಿಗೆ ಹೋಗೋ ಹೊತ್ತಿಗೆ ಹೋದೆ.”

ಇಷ್ಟು ವರ್ಷದಲ್ಲಿ ಬೆಂಕಿ ಹಚ್ಚಿದವರನ್ನು ನೋಡಿದ್ದೇನೆ, ಹಚ್ಚಿಸಿದವರನ್ನೂ ನೋಡಿದ್ದೇನೆ. ಮರುಕ ತೋರಿಸಿಯೇ ಕೆಲಸ ಮುಗಿಸಿಕೊಂಡವನನ್ನು ನೋಡಿದ್ದು ಇದೇ ಮೊದಲು. ಹುಡುಕಿ ಕರೆತಂದು ಕೆಲಸ ಕೊಟ್ಟಿದ್ದಾನೆ, ನಾಲ್ಕು ತಿಂಗಳು ದಿನಕ್ಕೊಂದು ಹನಿ ಕಿವಿಗೆ ಬಿಟ್ಟಿದ್ದಾನೆ. ಯಾವ ಕೋರ್ಟಿನಲ್ಲಿ ಏನಂತ ಹೇಳೋಣ? ಪಾಪ ಅಂದ, ಅದು ತಪ್ಪು ಅಂತಲೇ?

“ಲಂಗರಣ್ಣ, ಇವತ್ತು ಬೆಳಿಗ್ಗೆ ನಿನ್ನ ಅತ್ತಿಗೆ ನನಗಿಂತ ಮುಂದೆ ಮನೆ ಮೆಟ್ಟಿಲು ಹತ್ತಿದರು. ಕೈಯಲ್ಲಿ ಒಂದು ಮೂಟೆ ಈರುಳ್ಳಿ ಇತ್ತು. ಅವರು ಎಲ್ಲೂ ಬಿದ್ದಿಲ್ಲ. ನಾನು ಬಿದ್ದೇನು, ಅವರು ಬೀಳಲ್ಲ.”

ಅವನು ತಲೆಯೆತ್ತಿದ. “ಬಿದ್ದಿಲ್ವಾ?”

“ಒಂದು ಸಲನೂ ಇಲ್ಲ. ಇನ್ನೊಂದು ವಿಷಯ ಕೇಳು. ಆ ನೆಲ ಯಾಕೆ ನಾಲ್ಕು ದಿನ ಅಲ್ಲ, ಒಂದು ವಾರ ನಿಲ್ಲಬೇಕಿತ್ತು ಗೊತ್ತಾ?” ಕರಾರಿನ ಏಳು ದಿನದ ಮಾತು ಹೇಳಿದೆ. ಅವನಿಗೆ ಅದೂ ಹೊಸದು. ಕೇಳುತ್ತ ಕೇಳುತ್ತ ಎರಡೂ ಕೈಯಿಂದ ಬಕೆಟ್ಟಿನ ಅಂಚು ಹಿಡಿದುಕೊಂಡ.

“ಹಾಗಾದ್ರೆ ನಾಳೆ ಸಂಜೆಗೆ ಹಡಗು ಹೋಗುತ್ತಾ?”

“ಹೆಸರು ಕೊಡದಿದ್ರೆ ಹೋಗುತ್ತೆ.”

“ಕೊಟ್ಟುಬಿಡಿ ಅಕ್ಕ. ನನ್ನ ಹೆಸರು ಕೊಟ್ಟುಬಿಡಿ.” ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, “ಎಷ್ಟು ವರ್ಷ ಒಳಗೆ ಹಾಕ್ತಾರೆ?”

ಗೊತ್ತಿಲ್ಲ ಅಂದೆ. ಗೊತ್ತಿತ್ತು.

ಪಿನ್ನು ಒಲೆಯ ಹಿಂದಿತ್ತು, ಗ್ಯಾಸಿನ ಪೈಪಿಗೆ ಕಟ್ಟಿದ್ದ. ಕದ್ದ ಮಾಲನ್ನೂ ಕಟ್ಟಿಡದೆ ಇರಲು ಅವನಿಂದ ಆಗಿರಲಿಲ್ಲ. ನಾನು ಎಷ್ಟು ತಡಕಾಡಿದರೂ ಗಂಟು ಬಿಚ್ಚಲಿಲ್ಲ, ಕೊನೆಗೆ ಅವನೇ ಬಿಚ್ಚಿಕೊಟ್ಟ. ಗೇಣುದ್ದದ ಉಕ್ಕು, ಮಗುವಿನ ತೋಳಿನಷ್ಟು ದಪ್ಪ. ಕಪ್ಪು ಒರೆಸುವ ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಹೆಗಲು ಜಗ್ಗಿತು.

ಹೊರಗೆ ಹಜಾರದಲ್ಲಿ ಮ್ಯಾನೇಜರು ಫೋನು ನೋಡುತ್ತ ನಿಂತಿದ್ದ. “ಕೈ ತೊಳೆಯೋಕೆ ಇಷ್ಟು ಹೊತ್ತಾ ಮೇಡಂ?” ಅಂದ. ನಗುತ್ತಲೇ ಲಿಫ್ಟಿನ ಗುಂಡಿ ಒತ್ತಿಕೊಟ್ಟ.

* * *

ಲಂಗರಣ್ಣ ಏಪ್ರನ್ ಬಿಚ್ಚಿಟ್ಟು ನನ್ನ ಹಿಂದೆಯೇ ಬಂದ. ಹಡಗು ಹೋಟೆಲಿಗೆ ಕಾಲ್ನಡಿಗೆಯಲ್ಲಿ ಹತ್ತು ನಿಮಿಷದ ದಾರಿ. ಆಗ ಮೂರೂವರೆ.

ಈ ಬೀದಿಗೆ ಹಿಂದೆ ಊಟಕ್ಕೆ ಬರುವುದೆಂದರೆ ಎಲ್ಲಿಗೆ ಹೋಗುವುದು ಅಂತ ಮನೆಯಲ್ಲೇ ಜಗಳವಾಗುತ್ತಿತ್ತು. ಮೂಲೆಯಲ್ಲಿ ಜೈಲು ಹೋಟೆಲಿತ್ತು, ಕಂಬಿಯೊಳಗೆ ಕೂರಿಸಿ ಹೊರಗಿನಿಂದ ಚಿಲಕ ಹಾಕಿ ಊಟ ಕೊಡುತ್ತಿದ್ದರು. ನನ್ನ ಮದುವೆಯ ಮಾತುಕತೆ ನಡೆದದ್ದೇ ಅಲ್ಲಿ, ನಮ್ಮತ್ತೆ ಬಹಳ ದಿನ ಅದನ್ನು ಆಡಿಕೊಂಡರು. ಅದರ ಎದುರಿಗೆ ಮಾತಾಡದ ಹೋಟೆಲು. ಅಲ್ಲಿ ಎಲ್ಲಾ ಕೈಸನ್ನೆ. ಬಾಯಿ ತೆರೆದರೆ ಮಾಲೀಕ ಬಂದು ತುಟಿ ಮೇಲೆ ಬೆರಳಿಟ್ಟುಕೊಂಡು ನಿಲ್ಲುತ್ತಿದ್ದ. ಗಂಡ ಹೆಂಡತಿ ಜಗಳವಾಡಿಕೊಂಡು ಬಂದರೆ ಅಲ್ಲಿಗೇ ಬರುತ್ತಿದ್ದರು.

ಈಗ ಎರಡೂ ಗಾಜು. ಒಂದೇ ಬಣ್ಣದ ಕುರ್ಚಿ, ಒಂದೇ ಬೆಳಕು, ಒಂದೇ ಹಾಡು. ಒಳಗೆ ಕೂತವರನ್ನು ಎತ್ತಿ ಪಕ್ಕದ ಅಂಗಡಿಯಲ್ಲಿಟ್ಟರೆ ಅವರಿಗೇ ಗೊತ್ತಾಗಲಿಕ್ಕಿಲ್ಲ. ತಿಂಡಿ ಕೆಟ್ಟದೇನಲ್ಲ, ಹಾಗೆ ಹೇಳಿದರೆ ಅನ್ಯಾಯವಾಗುತ್ತದೆ. ಆದರೆ ಅಲ್ಲಿಂದ ಎದ್ದು ಬಂದ ಮೇಲೆ ಎಲ್ಲಿಗೆ ಹೋಗಿದ್ದೆ ಅಂತ ಯಾರಾದರೂ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೆ.

ಹಡಗು ಮಾತ್ರ ಉಳಿದಿತ್ತು. ಅದನ್ನು ಕಟ್ಟಿದ ಕ್ಯಾಪ್ಟನ್ ಕಪಾಟು ಮಾಡುವ ಬಡಗಿ. ಬದುಕಿನಲ್ಲಿ ಒಂದು ದಿನವೂ ಸಮುದ್ರ ನೋಡಿದವರಲ್ಲ. ಪುಸ್ತಕದ ಚಿತ್ರ ನೋಡಿ ಹಲಗೆ ಹಲಗೆ ಜೋಡಿಸಿ ಹನ್ನೊಂದು ವರ್ಷ ಕಟ್ಟಿದರಂತೆ. ದುಂಡನೆಯ ಕಿಟಕಿಗಳು, ಹಗ್ಗದ ಕಟಕಟೆ, ಬಾಗಿಲಿಗೆ ಹತ್ತಲು ಮೆಟ್ಟಿಲಿನ ಬದಲು ಒಂದು ಏಣಿಹಲಗೆ. ಒಳಗೆ ಕಾಲಿಟ್ಟರೆ ನೆಲ ನಿಧಾನಕ್ಕೆ ಒಂದು ಕಡೆ ಏರಿ ಇನ್ನೊಂದು ಕಡೆ ಇಳಿಯುತ್ತಿತ್ತು, ಅಂಗೈಯಷ್ಟು ಎತ್ತರ, ಅಷ್ಟೇ. ಅಳುವ ಮಗುವೂ ಅಲ್ಲಿ ಸುಮ್ಮನಾಗುತ್ತಿತ್ತು.

ಆಫೀಸರು ನಮ್ಮ ದೂರಿಗಾಗಿಯೇ ಬೀಗ ತೆಗೆಸಿ, ಫೈಲು ಹಿಡಿದು ಒಳಗೆ ಕೂತಿದ್ದರು. ನೆಲ ಒಂದು ಮೂಲೆಗೆ ವಾಲಿತ್ತು. ಕ್ಯಾಪ್ಟನಮ್ಮ ಬಿಳಿ ಕೋಟು, ನೀಲಿ ಟೋಪಿ ಹಾಕಿಕೊಂಡು ಕೌಂಟರಿನ ಹಿಂದೆ ನಿಂತಿದ್ದರು. ಬೀಗ ಬಿದ್ದ ಆರು ದಿನವೂ ಅವರು ಹಾಗೆಯೇ ತಯಾರಾಗಿ ಬಾಗಿಲವರೆಗೆ ಬಂದಿದ್ದರು.

ಲಂಗರಣ್ಣ ಏಣಿಹಲಗೆಯ ಕೆಳಗೇ ನಿಂತುಬಿಟ್ಟ. ಕ್ಯಾಪ್ಟನಮ್ಮ ನೋಡಿದರು.

“ಊಟ ಆಯ್ತಾ?” ಅಂದರು.

“ಆಯ್ತು ಅತ್ತಿಗೆ.”

“ಮುಖ ನೋಡಿದ್ರೆ ಗೊತ್ತಾಗಲ್ವಾ. ಹತ್ತು ಮೇಲೆ.”

ಅವನು ಹತ್ತಿದ. ವಾಲಿದ ನೆಲದ ಮೇಲೆ ನೆಟ್ಟಗೆ ನಿಂತವ ಅಲ್ಲಿ ಅವನೊಬ್ಬನೇ.

ನಾನು ಕ್ಯಾಪ್ಟನಮ್ಮನನ್ನು ಅಡುಗೆಮನೆಗೆ ಕರೆದೊಯ್ದು ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದೆ. ಪಿನ್ನು, ಹಳೇ ಯಂತ್ರ, ಅವರು ಬಿದ್ದರು ಅನ್ನುವ ಸುಳ್ಳು. ಅವರು ಒಲೆಯ ಕಟ್ಟೆಯನ್ನು ಅಂಗೈಯಿಂದ ಒರೆಸುತ್ತ ಕೇಳಿದರು. ಕಟ್ಟೆ ಚೊಕ್ಕಟವಾಗಿಯೇ ಇತ್ತು.

“ಹೆಸರು ಕೊಟ್ರೆ ನಾಳೆ ತೆರೀಬಹುದು ತಾನೆ?”

“ತೆರೀಬಹುದು.”

“ಇವನನ್ನ ಕರ್ಕೊಂಡು ಹೋಗ್ತಾರೆ.”

“ಒಬ್ಬರ ಕೈ ಮುರಿದಿದೆ ಅಮ್ಮ. ಬಿಡಲ್ಲ.”

“ಸರಿ ಕಣಮ್ಮ,” ಅಂದರು. ಟೋಪಿ ಸರಿಮಾಡಿಕೊಂಡು ಹೊರಗೆ ನಡೆದರು. ಮನಸ್ಸು ಗಟ್ಟಿ ಮಾಡಿಕೊಂಡರು ಅಂತಲೇ ನಾನು ತಿಳಿದೆ.

ಹೊರಗೆ ಬರುವಷ್ಟರಲ್ಲಿ ಮ್ಯಾನೇಜರೂ ಬಂದು ಕೂತಿದ್ದ. ಜಾಗದ ಮಾಲೀಕರ ಪರವಾಗಿ ಹಾಜರಿರುವ ಹಕ್ಕು ಅವನಿಗಿತ್ತಂತೆ. ಲಂಗರಣ್ಣನನ್ನು ನೋಡಿ, “ಇಲ್ಲಿದ್ದೀಯೇನಪ್ಪ, ಅಲ್ಲಿ ಚಹಾ ಇಲ್ಲದೆ ಒದ್ದಾಡ್ತಿದ್ದಾರೆ,” ಅಂತ ನಕ್ಕ. ಯಾರೂ ನಗಲಿಲ್ಲ.

ಆಫೀಸರು ಕನ್ನಡಕ ಹಾಕಿಕೊಂಡರು. “ಹೇಳಿ. ಪಿನ್ನು ತೆಗೆದದ್ದು ಯಾರು ಅಂತ ಗೊತ್ತಾಗಿದೆಯಂತೆ.”

“ಗೊತ್ತಾಗಿದೆ,” ಅಂದರು ಕ್ಯಾಪ್ಟನಮ್ಮ, ನಾನು ಬಾಯಿ ತೆರೆಯುವ ಮೊದಲೇ. “ನಾನೇ ತೆಗೆದೆ. ಬರ್ಕೊಳ್ಳಿ.”

ಆಫೀಸರ ಪೆನ್ನು ಕಾಗದದ ಮೇಲೆ ನಿಂತಿತು. “ಅಮ್ಮ, ಮಾಲೀಕರೇ ತೆಗೆದಿದ್ದರೆ ಹೊರಗಿನವರ ಕೈವಾಡ ಆಗಲ್ಲ. ಬಾಗಿಲು ತೆರೆಯೋ ಮಾತೇ ಇಲ್ಲ. ಲೈಸೆನ್ಸೂ ಹೋಗುತ್ತೆ.”

“ಗೊತ್ತು. ರಿಪೇರಿ ಮಾಡೋಕೆ ಹೋಗಿ ತೆಗೆದೆ, ವಾಪಸು ಹಾಕೋದು ಮರೆತೆ. ವಯಸ್ಸಾಯ್ತಲ್ಲ.”

ನಾನು ಅವರ ಮೊಣಕೈ ಹಿಡಿದು ಪಕ್ಕಕ್ಕೆಳೆದೆ. “ಏನಮ್ಮ ಮಾಡ್ತಿದ್ದೀರಿ?” ಅಂತ ಪಿಸುಗುಟ್ಟಿದೆ.

“ಅವನನ್ನ ಒಳಗೆ ಹಾಕಿಸಿ, ನಾನು ಇಲ್ಲಿ ನಿಂತು ಜನಕ್ಕೆ ಸೂಪು ಬಡಿಸ್ಲಾ?” ಅವರೂ ಪಿಸುಗುಟ್ಟಿದರು. “ನನ್ನ ಮೇಲಿನ ಅಕ್ಕರೆಗೆ ಮಾಡಿದ ಕೆಲಸ ಕಣೆ ಅದು. ಹೋದ್ರೆ ಹೋಗಲಿ ಬಿಡು. ನನಗೂ ಸಾಕಾಗಿದೆ.”

ಸಾಕಾಗಿದೆ ಅನ್ನುವಾಗ ಅವರ ಕೈ ಹಗ್ಗದ ಕಟಕಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತು ಅಂದರೆ ಗಿಣ್ಣುಗಳೆಲ್ಲ ಬೆಳ್ಳಗಾಗಿದ್ದವು. ಸಾಕಾಗಿರಲಿಲ್ಲ ಅವರಿಗೆ. ಇನ್ನೂ ಹತ್ತು ವರ್ಷ ಆ ನೆಲದ ಮೇಲೆ ನಿಲ್ಲುವ ಆಸೆಯಿತ್ತು.

ಲಂಗರಣ್ಣನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನು ಆಫೀಸರ ಕಡೆ ಹೆಜ್ಜೆ ಇಟ್ಟ. “ಸಾರ್, ಅತ್ತಿಗೆ ಸುಳ್ಳು...” ಅಂತ ಶುರುಮಾಡಿದ.

ಮ್ಯಾನೇಜರು ಕಾಲ ಮೇಲೆ ಕಾಲು ಹಾಕಿಕೊಂಡು ನೋಡುತ್ತಿದ್ದ. ತೆಗೆದದ್ದು ಕ್ಯಾಪ್ಟನಮ್ಮ ಅಂತಾದರೆ ಅವನಿಗೇ ಲಾಭ. ಲಂಗರಣ್ಣ ಅಂದರೆ ಇವತ್ತು ನಷ್ಟ, ಆದರೆ ಆ ಮನುಷ್ಯನನ್ನು ಜೈಲಿಗೆ ಕಳಿಸಿದ ಸಂಕಟದಲ್ಲಿ ಈ ಹೆಂಗಸು ಎಷ್ಟು ದಿನ ಹೋಟೆಲು ನಡೆಸಿಯಾಳು ಅಂತ ಅವನ ಲೆಕ್ಕ. ಹೇಗೆ ನೋಡಿದರೂ ಅವನ ಮೇಲೆ ಒಂದು ಅಕ್ಷರವೂ ಬೀಳುವುದಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇಪ್ಪತ್ತೆರಡು ವರ್ಷದಲ್ಲಿ ನಾನೊಂದು ಸುಳ್ಳು ವರದಿ ಬರೆದವಳಲ್ಲ. ಬರೆಯಿರಿ ಅಂತ ಬೇಡಿದವರಿದ್ದರು, ಹೆದರಿಸಿದವರಿದ್ದರು. ಬರೆದಿರಲಿಲ್ಲ.

ಲಂಗರಣ್ಣನ ಭುಜ ಹಿಡಿದು ಹಿಂದಕ್ಕೆಳೆದೆ.

“ಅಮ್ಮನೂ ಅಲ್ಲ, ಇವನೂ ಅಲ್ಲ,” ಅಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. “ಒಬ್ಬರನ್ನೊಬ್ಬರು ಉಳಿಸ್ಕೊಳ್ಳೋಕೆ ಹೇಳ್ತಿದ್ದಾರೆ, ಬಿಡಿ. ತನಿಖೆ ಮಾಡಿದವಳು ನಾನು. ಬರ್ಕೊಳ್ಳಿ ಸಾರ್. ಪಿನ್ನು ತೆಗೆಸಿದ್ದು ಇಲ್ಲಿ ಕೂತಿರೋ ಮ್ಯಾನೇಜರು.”

ಕ್ಯಾಪ್ಟನಮ್ಮ ನನ್ನನ್ನೇ ನೋಡಿದರು. ಆಫೀಸರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಸಾಕ್ಷಿ ಇದೆಯಾ ಮೇಡಂ?”

“ಇದೆ,” ಅಂದೆ. “ನಾಳೆ ಬೆಳಿಗ್ಗೆ ಹತ್ತಕ್ಕೆ ತಂದುಕೊಡ್ತೀನಿ.”

ನನ್ನ ಬಳಿ ಏನೂ ಇರಲಿಲ್ಲ. ಇದ್ದ ಒಂದೇ ಸಾಕ್ಷಿ, ಆ ಪಿನ್ನು, ಹೆಗಲ ಚೀಲದಲ್ಲಿ ಜೋತಾಡುತ್ತಿತ್ತು, ಅದರ ಮೇಲೆ ಇದ್ದದ್ದು ಲಂಗರಣ್ಣನ ಬೆರಳ ಗುರುತು.

ಮ್ಯಾನೇಜರು ಎದ್ದು ನಿಂತ. ಕೋಪ ಮಾಡಿಕೊಳ್ಳುತ್ತಾನೆ, ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅವನು ಎಂದಿನ ಮೆತ್ತಗಿನ ದನಿಯಲ್ಲಿ ಆಫೀಸರಿಗೆ ಹೇಳಿದ:

“ನಾಳೆವರೆಗೆ ಯಾಕೆ ಸಾರ್? ನಮ್ಮ ಚಹಾ ಕೋಣೆ ಬಾಗಿಲು ಸರಿಯಾಗಿ ಮುಚ್ಚಲ್ಲ, ಮಾತೆಲ್ಲ ಹೊರಗೆ ಕೇಳುತ್ತೆ. ಮೇಡಂ ಅವರ ಚೀಲ ಒಂದು ಸಲ ತೆರೆಸಿ ನೋಡಿ.”

ಆಫೀಸರು ಮೇಜಿನ ಮೇಲಿನ ಫೈಲನ್ನು ಪಕ್ಕಕ್ಕೆ ಸರಿಸಿ, ನನ್ನ ಕಡೆ ಕೈ ಚಾಚಿದರು.